ಟಿವಿ ನುಂಗಿದ ನನ್ನ ಅರ್ಧ ಮಾತು

ಮೊಮ್ಮಕ್ಕಳಾ, ನಿಮ್ಮ ಫೋನಿನಲ್ಲಿ ನನ್ನದೊಂದು ವಿಡಿಯೋ ಇದೆ. ಹಸಿರು ಇಳಕಲ್ ಸೀರೆ ಉಟ್ಟು, ಮನೆ ಮುಂದಿನ ಹೊಸ ನಳದ ಹತ್ತಿರ ನಿಂತು, "ನೀರು ಬಂದಾವ್ರಿ, ಯಾಕ ಬರಂಗಿಲ್ಲ, ತುಂಬಿ ಹರಿಯಾಕತ್ತಾವ" ಎನ್ನುತ್ತೇನೆ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತೇನೆ. "ನಮ್ಮ ಆಯಿ ಟಿವಿಯಾಗ ಬಂದಾಳ" ಎಂದು ನೀವು ಸಾಲಿಯ ಗೆಳೆಯರಿಗೆಲ್ಲ ತೋರಿಸಿದಿರಿ. ನಿಮ್ಮ ಖುಷಿ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಆ ವಿಡಿಯೋದಲ್ಲಿರುವುದು ನಾನು ಆಡಿದ ಮಾತಿನ ಅರ್ಧ. ಇನ್ನರ್ಧ ಏನಾಯಿತು, ಅದರಿಂದ ನಮ್ಮ ಓಣಿ ಏನು ಅನುಭವಿಸಿತು ಎಂದು ನಿಮಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಬಾಯಿಂದ ಹೇಳುವುದು ನನಗಾಗದು. ನಾಲ್ಕು ಜನ ಎದುರಿಗೆ ಕೂತರೆ ನಾಲಿಗೆ ಒಣಗುತ್ತದೆ. ನಮ್ಮೂರ ಸಾಲಿಯಲ್ಲಿ ಏಳನೇ ಇಯತ್ತೆವರೆಗೆ ಕಲಿತದ್ದು ಇಷ್ಟಕ್ಕಾದರೂ ಆಯಿತು.

ನಿಮ್ಮ ಮುತ್ಯಾ, ನನ್ನ ಯಜಮಾನರು, ಹುಮನಾಬಾದದ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಕೆಲಸದಲ್ಲಿದ್ದರು. ಸಂಜೆ ಬಂದವರೇ ಕಾಲು ತೊಳೆದು ಟಿವಿ ಹಚ್ಚುತ್ತಿದ್ದರು. ಆಗ ನಮ್ಮೂರಿಗೆ ಎರಡು ಲೋಕಲ್ ಚಾನಲ್ ಬರುತ್ತಿದ್ದವು. ಒಂದು ಹುಮನಾಬಾದದ್ದು, ಇನ್ನೊಂದು ಪಕ್ಕದ ತಾಲೂಕು ಕಲ್ಯಾಣದ್ದು. ತೊಗರಿ ರೇಟು, ಕಳೆದುಹೋದ ಎಮ್ಮೆ, ತೀರಿಕೊಂಡವರ ಫೋಟೋ, ಯಾರದೋ ಮದುವೆಯ ಮೆರವಣಿಗೆ, ಎಲ್ಲ ಅದರಲ್ಲೇ. ರಸ್ತೆಗೆ ಡಾಂಬರು ಬಿತ್ತೆಂದು ಹುಮನಾಬಾದದವರು ತೋರಿಸಿದರೆ, ಅದೇ ಡಾಂಬರು ಕಾಲಲ್ಲಿ ಕೆದರಿದರೆ ಏಳುತ್ತದೆಂದು ಕಲ್ಯಾಣದವರು ಮರುದಿನ ಕೆದರಿ ತೋರಿಸುತ್ತಿದ್ದರು. "ಇಬ್ಬರು ಸವತೇರು ಇದ್ದಂಗ ನೋಡು," ಎಂದು ಮುತ್ಯಾ ನಗುತ್ತಿದ್ದರು. "ಒಬ್ಬಾಕಿ ಮುಚ್ಚಿಟ್ಟದ್ದು ಇನ್ನೊಬ್ಬಾಕಿ ಬಿಚ್ಚತಾಳ. ಅವರ ಜಗಳದಾಗ ನಮಗ ಖರೆ ಸಿಗತದ."

ಮುತ್ಯಾ ಹೋದ ಮೇಲೆ ಆ ಎರಡೂ ಚಾನಲ್‌ಗಳನ್ನು ಒಬ್ಬರೇ ಕೊಂಡರು. ಹೆಸರು ಬೇರೆಬೇರೆಯೇ ಉಳಿದವು, ಹಾಡೂ ಬೇರೆಬೇರೆಯೇ. ಆದ್ದರಿಂದ ನಮಗ್ಯಾರಿಗೂ ತಿಳಿಯಲಿಲ್ಲ. ಕೊಂಡವರು ಈ ಸಲ ಎಲೆಕ್ಷನ್ನಿಗೆ ನಿಂತ ದೊಡ್ಡವರ ಭಾವಮೈದ.

ಎಲೆಕ್ಷನ್ನಿಗೆ ಮೊದಲು ಆ ದೊಡ್ಡವರು ನಮ್ಮ ಓಣಿಯಲ್ಲಿ ಮನೆಗೊಂದು ನಳ ಹಾಕಿಸಿದ್ದರು. ನಳ ಬಂತು, ನೀರು ಬರಲಿಲ್ಲ. ನಳಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆವು, ಆ ಕುಂಕುಮ ಒಣಗಿ ಹಾಗೇ ಇತ್ತು. ದಿನ ಬಿಟ್ಟು ದಿನ ಪಂಚಾಯ್ತಿಯ ಟ್ಯಾಂಕರ್ ಬರುತ್ತಿತ್ತು, ಅದರಲ್ಲೇ ನಡೆಯುತ್ತಿತ್ತು.

ಒಂದು ಮುಂಜಾನೆ ಒಬ್ಬ ಹುಡುಗ ಮೈಕ್ ಹಿಡಿದು ಬಂದ, ಜೊತೆಗೆ ಕ್ಯಾಮೆರಾದವನು. ಓಣಿಯ ಹೆಂಗಸರೆಲ್ಲ ಕೂಲಿಗೆ ಹೋಗಿದ್ದರು. ಎದುರು ಮನೆಯ ಅಕ್ಕ, ನಿಮಗೆ ಹೋಳಿಗೆ ಕೊಡುವ ಅದೇ ಅಕ್ಕ, ಮಗಳ ಊರಿಗೆ ಹೋಗಿದ್ದಳು. ನಾನೊಬ್ಬಳೇ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದೆ.

"ಅಮ್ಮಾರ, ನಳದಾಗ ನೀರು ಬಂದಾವೇನ್ರಿ?"

ಕುಂಕುಮ ಹಚ್ಚಿದ ಒಣ ನಳದ ಮುಂದೆ ನಿಂತು ಇದನ್ನೇ ಕೇಳುತ್ತಾನಲ್ಲ ಎಂದು ನನಗೆ ನಗು ಬಂತು. ನಮ್ಮ ಕಡೆ ಸಿಟ್ಟು ಬಂದಾಗ ಕೊಂಕು ತೆಗೆದು ಆಡುವ ರೀತಿಯಲ್ಲೇ ಆಡಿದೆ. "ನೀರು ಬಂದಾವ್ರಿ, ಯಾಕ ಬರಂಗಿಲ್ಲ, ತುಂಬಿ ಹರಿಯಾಕತ್ತಾವ. ನಳದಾಗ ಅಲ್ಲ, ನಮ್ಮ ಕಣ್ಣಾಗ." ಆದರೆ ಅಷ್ಟು ದೊಡ್ಡ ಮಾತು ಪರಗಂಡಸಿನ ಎದುರು ಆಡಿದೆನಲ್ಲ ಎಂದು ನಾಚಿಕೆಯಾಗಿ, ನಡುವೆಯೇ ಸೆರಗು ಬಾಯಿಗೆ ಹೋಗಿತ್ತು. ಕೊನೆಯ ಮಾತನ್ನು ಸೆರಗಿನ ಹಿಂದಿನಿಂದಲೇ ಆಡಿದ್ದೆ. ಹುಡುಗನಿಗೆ ಕೇಳಿಸಿತ್ತು, ಅವನೂ ನಕ್ಕಿದ್ದ.

ಸಂಜೆ ಎರಡೂ ಚಾನಲ್‌ನಲ್ಲಿ ನಾನೇ. "ತುಂಬಿ ಹರಿಯಾಕತ್ತಾವ" ಎನ್ನುತ್ತೇನೆ, ಸೆರಗು ಮೇಲೇಳುತ್ತದೆ, ನಗುತ್ತೇನೆ. ಒಡನೆ ಆ ದೊಡ್ಡವರ ಫೋಟೋ, ಅದರ ಕೆಳಗೆ ಚಿಹ್ನೆ. ಹಾಡಿನ ಹಿಂದೆ ನಾನು, ಸಿನಿಮಾದ ನಡುವೆ ನಾನು.

ಮುಂದಿನ ಸರದಿಗೆ ಟ್ಯಾಂಕರ್ ಬರಲಿಲ್ಲ. ಹೆಂಗಸರು ಪಂಚಾಯ್ತಿಗೆ ಹೋಗಿ ಕೇಳಿದರೆ ಅಲ್ಲಿದ್ದವನು, "ನಿಮ್ಮ ಓಣಿಯಾಕಿನೇ ಟಿವಿಯಾಗ ಹೇಳ್ಯಾಳಲ್ಲ, ತುಂಬಿ ಹರಿಯಾಕತ್ತಾವ ಅಂತ. ಟ್ಯಾಂಕರ್ ಬ್ಯಾರೆ ಓಣಿಗಿ ಕಳಸೀವಿ" ಎಂದನಂತೆ.

ಅಂದಿನಿಂದ ಎಲ್ಲರೂ ಹೈವೇ ದಾಟಿ ಹೊಲದ ಬಾವಿಗೆ ಹೋಗಬೇಕಾಯಿತು. ಆ ರಸ್ತೆಯಲ್ಲಿ ಲಾರಿಗಳು ನಿಲ್ಲುವುದಿಲ್ಲ. ಅಕ್ಕನಿಗೆ ಮೊಣಕಾಲು ನೋವು. ತಲೆಯ ಮೇಲೆ ಕೊಡ ಹೊತ್ತು, ರಸ್ತೆಯ ಅಂಚಿನಲ್ಲಿ ನಿಂತು, ಲಾರಿ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು. ಹೆಚ್ಚುಕಡಿಮೆಯಾದರೆ ಅದು ನನ್ನ ತಲೆಯ ಮೇಲೆ ಎಂದೇ ಅನಿಸುತ್ತಿತ್ತು.

"ಅಕ್ಕಾ, ನಿನ್ನ ಕೊಡ ನಾ ತರ್ತೀನಿ, ಕೊಡು" ಎಂದೆ.

"ಬ್ಯಾಡ. ನಿನ್ನ ನಳದಾಗ ತುಂಬಿ ಹರಿಯಾಕತ್ತಾವಲ್ಲ, ನೀನ್ಯಾಕ ಬರ್ತಿ?"

"ಮುಂದ ಇನ್ನೂ ಮಾತಿತ್ತು ಅಕ್ಕಾ. ಕಣ್ಣಾಗ ಅಂದಿದ್ದೆ."

"ಎಲ್ಲಿ ಅಂದಿ? ನಾ ಎಷ್ಟು ಸಲ ನೋಡೀನಿ. ಸೆರಗು ಹಿಡಿದು ನಗಾಕತ್ತಿ, ಬರೇ ನಗಾಕತ್ತಿ. ನಿನ್ನ ಬಾಯಿಂದನ ಬಂದದ, ಮಂದಿ ಬಾಯಿಂದ ಬಂದಿಲ್ಲ."

ಬಾವಿಯ ಹತ್ತಿರ ಹೋದರೆ ಹರೆಯದ ಸೊಸೆಯರು, "ಸರೀರಿ ಯವ್ವಾ, ತುಂಬಿ ಹರಿಯಾಕಿ ಬಂದಳು" ಎಂದು ದಾರಿ ಬಿಡುತ್ತಿದ್ದರು. ಹೊಸ ಹೆಸರು ಬಿದ್ದಿತ್ತು ನನಗೆ. ಇಷ್ಟು ವರ್ಷ ಒಂದೇ ಓಣಿಯಲ್ಲಿ ಬಾಳಿ, ನನ್ನ ಮಾತಿಗಿಂತ ಟಿವಿಯಲ್ಲಿನ ನನ್ನ ಮುಖವೇ ಅವರಿಗೆ ಖರೆಯಾಯಿತು. ಅದು ನನಗೆ ಸಹಿಸಲಾಗಲಿಲ್ಲ.

ನಿಮ್ಮ ಅವ್ವನನ್ನು ಕರೆದುಕೊಂಡು ಹುಮನಾಬಾದದ ಚಾನಲ್ ಆಫೀಸಿಗೆ ಹೋದೆ. ಅಲ್ಲಿಯ ಮ್ಯಾನೇಜರು ನನ್ನ ಮುಖ ನೋಡಿದವನೇ, "ಬರ್ರಿ ಬರ್ರಿ, ನೀವು ಬಾಳ ಫೇಮಸ್ ಆಗೀರಿ" ಎಂದ. ಪೂರಾ ಮಾತು ತೋರಿಸಿರಿ ಎಂದು ನಿಮ್ಮ ಅವ್ವ ಕೇಳಿದಳು. "ಟೈಮ್ ಕಡಿಮಿ ಇರ್ತದ್ರಿ, ಎಲ್ಲರದೂ ಕತ್ತರಸ್ತೀವಿ" ಎಂದು ಅವನು ಫೋನು ಕಿವಿಗಿಟ್ಟುಕೊಂಡ. ಮುತ್ಯಾ ಆಡುತ್ತಿದ್ದ ಸವತೇರ ಮಾತು ನೆನಪಾಯಿತು. "ಕಲ್ಯಾಣಕ್ಕ ಹೋಗಾಣ" ಎಂದೆ. ಬಸ್ಸು ಹತ್ತಿ ಹೋದೆವು.

ಕಲ್ಯಾಣದ ಆಫೀಸಿನಲ್ಲಿದ್ದ ಹುಡುಗಿ ಒಳ್ಳೆಯವಳು. ಎಲ್ಲ ಕೇಳಿಸಿಕೊಂಡು, "ಛೇ, ಹಿಂಗ ಮಾಡಬಾರ್ದಿತ್ತು ಆಯಿ" ಎಂದಳು. ಆಮೇಲೆ "ಸರ್‌ಗೆ ಒಂದು ಮಾತು ಕೇಳ್ತೀನಿ" ಎಂದು ಫೋನು ಹಚ್ಚಿದಳು. ಆಚೆಯಿಂದ ಬಂದ ದನಿಯನ್ನು ನಾವಿಬ್ಬರೂ ಗುರುತಿಸಿದೆವು. "ಅಮ್ಮಾರು ಅಲ್ಲಿಗೂ ಬಂದಾರೇನು? ಚಾ ಕುಡಿಸಿ ಕಳಸು." ಹುಮನಾಬಾದದಲ್ಲಿ ನಾವು ಈಗಷ್ಟೇ ಬಿಟ್ಟು ಬಂದ ಅದೇ ಮ್ಯಾನೇಜರು. ಹುಡುಗಿ ತಲೆ ತಗ್ಗಿಸಿದಳು.

ಮೆಟ್ಟಿಲಿಳಿಯುವಾಗ ನಿಮ್ಮ ಅವ್ವ ಅಂದಳು, "ಬಾವಿ ಎರಡು ಅದಾವ, ಸೆಲಿ ಒಂದೇ ನೋಡ್ರಿ ಅತ್ತಿ."

ಆಮೇಲೆ ಓಟು ಕೇಳುವವರು ಓಣಿಗೆ ಬರತೊಡಗಿದರು. ಕಚೇರಿಯಲ್ಲಿ ಆಗದ ಕೆಲಸ ಇವರಿಂದಾದರೂ ಆದೀತೆಂದು ನಾನು ಎಂದೂ ಇಲ್ಲದ ಧೈರ್ಯ ಮಾಡಿದೆ.

ಮೊದಲು ಬಂದವರು ಆ ದೊಡ್ಡವರೇ. ಬಾಗಿಲ ಮರೆಯಿಂದ ಕೇಳಿದೆ. "ಸಾಹೇಬ್ರ, ನನ್ನ ಮಾತು ಅರ್ಧ ತೋರಿಸ್ಯಾರ. ಪೂರಾ ತೋರಸಾಕ ಹೇಳ್ರಿ."

ಅವರು ಸಿಟ್ಟಾಗಲಿಲ್ಲ. "ಅವ್ವಾ, ಚಾನಲ್ ನಂದಲ್ಲ, ನಮ್ಮ ಭಾವಮೈದಂದು. ಅದು ವ್ಯಾಪಾರ. ಒಬ್ಬವ ಒಂದು ದುಕಾನ ಇಡತಾನ, ಇನ್ನೊಬ್ಬವ ಎರಡು ಇಡತಾನ. ತಾಕತ್ತು ಇದ್ದವ ಕೊಂಡ. ಹ್ಯಾಂಗ ತೋರಸಬೇಕು ಅಂತ ಸರ್ಕಾರ ಹೇಳಾಕ ಹೋದ್ರ ನಾಳೆ ಯಾರೂ ಬಾಯಿ ತೆಗೆಯಂಗಿಲ್ಲ. ನಿಮಗ ಸೇರಲಿಲ್ಲ ಅಂದ್ರ ರಿಮೋಟ್ ಒತ್ತರಿ."

"ಒತ್ತಿದ್ರ ನಿಮ್ಮ ಭಾವಮೈದನ ಇನ್ನೊಂದು ದುಕಾನ ಬರ್ತದಲ್ರಿ!" ಗುಂಪಿನಿಂದ ಯಾವಳೋ ಅಂದಳು. ಎಲ್ಲರೂ ನಕ್ಕರು, ಅವರೂ ನಕ್ಕರು, ಕೈ ಮುಗಿದು ಮುಂದಿನ ಮನೆಗೆ ಹೋದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವರ ಎದುರಾಳಿ ಬಂದಾಗ ಕಟ್ಟೆಯ ಮೇಲೆಯೇ ಕೂತರು, ನನ್ನ ಕೈಯಿಂದಲೇ ನೀರು ಇಸಿದುಕೊಂಡು ಕುಡಿದರು. ನನ್ನ ಮಾತು ಕೇಳಿ ತೊಡೆ ತಟ್ಟಿದರು. "ಇದನ್ನೇ ನಾವು ಹೇಳಾಕತ್ತೀವಿ ಅಕ್ಕಾರ! ಒಬ್ಬನ ಕೈಯಾಗ ಎಲ್ಲಾ ಚಾನಲ್ ಇರಬಾರ್ದು. ಎಲೆಕ್ಷನ್ ಬಂದಾಗ ಎಲ್ಲಾರಿಗೂ ಸಮ ವ್ಯಾಳೆ ಕೊಡಬೇಕು. ಯಾರ ಮಾತು ಕತ್ತರಸ್ತಾರ, ಅವರ ಮಾತು ಪೂರಾ ತಿರುಗಿ ತೋರಸಬೇಕು. ನಾವು ಬಂದ್ರ ಇದಕ್ಕ ಕಾಯ್ದೆ ತರ್ತೀವಿ."

ನನ್ನ ಮನಸ್ಸಿನಲ್ಲಿದ್ದುದನ್ನೇ ಅವರು ಆಡಿದಂತಾಯಿತು. ಅವರ ಜೊತೆಗಿದ್ದವನು ಫೋನು ಎತ್ತಿ ಹಿಡಿದ. "ಈಗ ಪೂರಾ ಹೇಳ್ರಿ, ಜಿಲ್ಲಾ ಎಲ್ಲಾ ನೋಡತದ." ಪೂರಾ ಹೇಳಿದೆ. ಮರುದಿನ ಎಲ್ಲರ ಫೋನಿನಲ್ಲಿ ಮತ್ತೆ ನಾನೇ. ಹಿಂದೆ ಸಾವಿನ ಮನೆಯ ಶಹನಾಯಿ. "ನಳದಾಗ ಅಲ್ಲ, ನಮ್ಮ ಕಣ್ಣಾಗ" ಎನ್ನುತ್ತೇನೆ, ಸೆರಗು ಮುಖಕ್ಕೆ ಹೋಗುತ್ತದೆ. ನಾನು ಅಳುತ್ತಿದ್ದೇನೆಂದು ಕೆಳಗೆ ಬರೆದಿದ್ದರು. ಇವರೂ ಕತ್ತರಿಸಿದ್ದರು, ಮೊದಲರ್ಧವನ್ನು.

ಒಂದು ಮಾತನ್ನು ನಡುವೆ ಸೀಳಿ ಇಬ್ಬರು ಹಂಚಿಕೊಂಡಿದ್ದರು. ಪಂಚಾಯ್ತಿಯವನು ಓಣಿಗೇ ಬಂದು ಅಂದ, "ಅಂದು ಬಂದಾವ ಅಂದಿ, ಇಂದು ಇಲ್ಲ ಅಂತಿ. ಯಾವ ಪಾರ್ಟಿಯಾಕಿ ನೀನು?" ಅಕ್ಕ ತನ್ನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಒಳಗೆ ಹೋದಳು. ಮೊದಲು ನಾನು ಆ ದೊಡ್ಡವರ ಕಡೆಯವಳು ಎನಿಸಿಕೊಂಡಿದ್ದೆ. ಈಗ ಕರೆದವರ ಕಡೆಗೆ ತಿರುಗುವವಳಾದೆ.

ಒಬ್ಬ ನಿವೃತ್ತ ಮಾಸ್ತರರೂ ಎಲೆಕ್ಷನ್ನಿಗೆ ನಿಂತಿದ್ದರು, ಪಾರ್ಟಿ ಇಲ್ಲದವರು. ಸ್ಕೂಟರಿನಲ್ಲಿ ಬಂದಿದ್ದರು. ಅವರನ್ನೂ ಕೇಳಿದೆ. "ಅದು ನನ್ನ ಕೈಯಾಗ ಇಲ್ಲವ್ವಾ," ಎಂದರು. "ಟಿವಿ ಕಾಯ್ದೆ ದಿಲ್ಲಿಯಾಗ ಆಗ್ತದ. ಇಲ್ಲಿಂದ ಆರಿಸಿ ಹೋದವ ಅರ್ಜಿ ಬರೀಬಹುದು, ಬಾಯಿ ಮಾಡಬಹುದು. ಆಗೇ ಆಗ್ತದ ಅಂತ ನಿಮಗ ಹ್ಯಾಂಗ ಹೇಳಲಿ?" ಅದು ಒಣ ಉತ್ತರ, ಆದರೆ ಅದರಲ್ಲಿ ಕತ್ತರಿಸಲಿಕ್ಕೆ ಏನೂ ಇರಲಿಲ್ಲ. ಯಾರಿಗೆ ಓಟು ಹಾಕಿದೆನೆಂದು ನಿಮ್ಮ ಅಪ್ಪನಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಓಟು ಮುಗಿದರೂ ಟ್ಯಾಂಕರ್ ಬರಲಿಲ್ಲ. ಒಂದು ದಿನ ಅಕ್ಕ ಹೈವೇಯಲ್ಲಿ ಲಾರಿಯ ಗಾಳಿಗೆ ಜೋಲಿ ಹೊಡೆದು ಬಿದ್ದಳು. ಕೊಡ ಉರುಳಿ ಗಾಲಿಗೆ ಸಿಕ್ಕಿತು. ಅವಳು ಬದುಕಿದಳು, ಮೊಣಕೈ ಕೆತ್ತಿಹೋಗಿತ್ತು. ಆ ಚಪ್ಪಟೆ ಕೊಡ ಹಿಡಿದುಕೊಂಡೇ ಓಣಿಯ ಹೆಂಗಸರೆಲ್ಲ ಪಂಚಾಯ್ತಿಗೆ ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಖಾಲಿ ಕೊಡ ತೆಗೆದುಕೊಂಡು ಹಿಂದೆ ಹಿಂದೆ ಹೋಗಿ ಅಂಚಿನಲ್ಲಿ ಕೂತೆ.

ಪಂಚಾಯ್ತಿಯವನು ಹೊರಗೆ ಬಂದು ಮತ್ತೆ ಅದನ್ನೇ ಎತ್ತಿದ. "ಟಿವಿಯಾಗ ಹೇಳಿದಾಕಿ ಅಲ್ಲೇ ಕೂತಾಳ, ಆಕಿಗೇ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ನನ್ನ ಕೈ ತಾನೇ ಸೆರಗಿಗೆ ಹೋಯಿತು. ಅಕ್ಕ ಎದ್ದು, ಪಟ್ಟಿ ಕಟ್ಟಿದ ಕೈಯಿಂದಲೇ ನನ್ನ ಬಾಯಿಯ ಮೇಲಿನ ಸೆರಗು ಕೆಳಗೆ ಎಳೆದಳು. "ಈಗ ಹೇಳು. ಏನಂದಿದ್ದಿ ಅಂದು?"

ಎದ್ದು ನಿಂತೆ. ಹೇಳಿದೆ. ನೀರು ಬಂದಾವ್ರಿ, ಯಾಕ ಬರಂಗಿಲ್ಲ, ತುಂಬಿ ಹರಿಯಾಕತ್ತಾವ, ನಳದಾಗ ಅಲ್ಲ, ನಮ್ಮ ಕಣ್ಣಾಗ. ಒಂದೇ ಉಸಿರಿನಲ್ಲಿ. ಹಿಂದೆ ಯಾವಳೋ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ. ಅಕ್ಕ ನಗಲಿಲ್ಲ. "ಇಷ್ಟು ಚಂದ ಮಾತು ಸೆರಗಿನ್ಯಾಗ ಆಡಿದ್ರ ಯಾರಿಗಿ ಕೇಳಸಬೇಕು, ಹುಚ್ಚಿ?" ಎಂದು ಗದರಿದಳು. ನನ್ನ ಕೊಡ ತಾನೇ ಎತ್ತಿಕೊಂಡು ಹೋಗಿ ತನ್ನ ಚಪ್ಪಟೆ ಕೊಡದ ಮಗ್ಗುಲಲ್ಲಿಟ್ಟಳು.

ಅಂದು ಕ್ಯಾಮೆರಾದವರು ಯಾರೂ ಬರಲಿಲ್ಲ. ಬಂದಿದ್ದರೂ ಯಾವ ಅರ್ಧ ಒಯ್ಯುತ್ತಿದ್ದರೋ. ಟ್ಯಾಂಕರ್ ಮರುದಿನ ಬಂತು, ಈಗಲೂ ದಿನ ಬಿಟ್ಟು ದಿನ ಬರುತ್ತದೆ. ನಳ ಇನ್ನೂ ಒಣಗಿದೆ. ಗೆದ್ದವರು ಯಾರೆಂದು ನಿಮಗೆ ಗೊತ್ತು. ಚಾನಲ್ ಎರಡೂ ಅದೇ ಕೈಯಲ್ಲಿವೆ, ಆ ಕಾಯ್ದೆಯ ಮಾತು ಮತ್ತೆ ಯಾರೂ ಎತ್ತಿಲ್ಲ.

ಸಂಜೆ ಅಕ್ಕ ನಮ್ಮ ಮನೆಗೇ ಟಿವಿ ನೋಡಲು ಬರುತ್ತಾಳೆ. ಮೊನ್ನೆ ಯಾವುದೋ ಊರಿನ ಹೆಣ್ಣುಮಗಳು ಮೈಕಿನ ಮುಂದೆ, "ನಮಗೇನೂ ತೊಂದರಿ ಇಲ್ರಿ" ಎಂದು ತಲೆ ತಗ್ಗಿಸಿದಳು, ಒಡನೆ ಜಾಹೀರಾತು ಬಂತು. ಅಕ್ಕ ಆ ಜಾಹೀರಾತನ್ನೇ ನೋಡುತ್ತ, "ಮುಂದ ಏನಂದಿದ್ದಳೋ ಪಾಪ," ಎಂದಳು. "ಆಕಿ ಓಣಿಯವರು ಆಕಿಗಿ ಏನು ಮಾಡ್ಯಾರೋ."