ಬ್ರೇಕಿಲ್ಲದ ಮೋಟಾರಿನ ಡ್ರೈವರ್

ಐವತ್ತರ ದಶಕದಲ್ಲಿ ನಾನು ಹುನಗುಂದದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪ್ರತಿ ಶನಿವಾರ ಬಾಗಲಕೋಟೆಯ ಮನೆಗೆ ಹೋಗುತ್ತಿದ್ದುದು ಒಬ್ಬ ಧಣಿಯ ಖಾಸಗಿ ಮೋಟಾರು ಬಸ್ಸಿನಲ್ಲಿ. ಅದನ್ನು ನಿಲ್ಲಿಸಬೇಕಾದರೆ ಡ್ರೈವರ್ ಎರಡೂ ಕಾಲಿನಿಂದ ಬ್ರೇಕ್ ತುಳಿದು, ಸೀಟಿನಿಂದ ಅರ್ಧ ಎದ್ದೇ ನಿಲ್ಲಬೇಕಿತ್ತು. ನಾವು ಗೊಣಗಿದರೆ ಅವನಿಗೇ ಸಿಟ್ಟು.

"ಧಣೇರು ದೊಡ್ಡ ಮನಸ್ಸಿನವ್ರದಾರ್ರಿ. ಹೊಸಾ ಬ್ರೇಕ್ ಹಾಕಸ್ತೇನಿ ಅಂದಾರ," ಎನ್ನುತ್ತಿದ್ದ. ಎರಡು ವರ್ಷ ಇದನ್ನೇ ಅಂದ, ಪ್ರತಿ ಸಲವೂ ನಂಬಿಯೇ ಅಂದ.

ಒಂದು ಶನಿವಾರ ಅಮೀನಗಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ. ಅವನು ಗಾಡಿಯನ್ನು ಪಕ್ಕದ ಜೋಳದ ಹೊಲಕ್ಕೆ ತಿರುಗಿಸಿದ. ಅದು ಮಣ್ಣಿನ ಒಡ್ಡಿಗೆ ಬಡಿದು ನಿಂತಿತು. ನಮಗಾರಿಗೂ ಪೆಟ್ಟಾಗಲಿಲ್ಲ, ಅವನ ಹಣೆ ಮಾತ್ರ ಒಡೆಯಿತು.

ಸುದ್ದಿ ತಿಳಿದು ಧಣಿ ಬಂದರು. ಗಾಡಿಯ ಸುತ್ತ ಒಮ್ಮೆ ತಿರುಗಿ, "ದೀಪ ಒಡದೀಯಲ್ಲೋ! ನೋಡಿ ನಡಸಾಕ ಬರೂದಿಲ್ಲೇನು?" ಎಂದರು.

ಡ್ರೈವರ್ ಹಣೆಗೆ ಒತ್ತಿಕೊಂಡ ಟವೆಲ್ಲಿನ ಕೆಳಗಿಂದ ಅವರನ್ನು ನೋಡಿದ. "ತಪ್ಪಾತ್ರಿ ಧಣೇರ. ಇವತ್ತ ನಿಮ್ಮನ್ನೂ ಕೂಡಿಸಿಕೊಂಡು ಬರಬೇಕಾಗಿತ್ತು" ಎಂದು ಕೀಲಿಯನ್ನು ಅವರ ಕೈಗಿಟ್ಟು, ನಮ್ಮ ಜೊತೆ ಅಮೀನಗಡಕ್ಕೆ ನಡೆದುಬಿಟ್ಟ.

ಮುಂದಿನ ತಿಂಗಳು ಅದೇ ಮೋಟಾರಿಗೆ ಅವನು ಟಿಕೀಟು ತೆಗೆದು ಹತ್ತಿದ. ಡ್ರೈವರ್ ಹೊಸಬ, ದೀಪವೂ ಹೊಸದು. ಬ್ರೇಕ್ ತುಳಿಯಲು ಈ ಹೊಸಬನೂ ಸೀಟಿನಿಂದ ಅರ್ಧ ಎದ್ದೇ ನಿಲ್ಲುತ್ತಿದ್ದ.

"ಮುಂದ ಬಾರಪಾ, ಜಾಗಾ ಐತಿ," ಎಂದೆ.

ಅವನು ಬಾಗಿಲ ಪಕ್ಕದ ಸೀಟು ಬಿಡಲಿಲ್ಲ. "ಇಲ್ಲೇ ಛಲೋ ಐತ್ರಿ ಮಾಸ್ತರ. ಇಳಿಜಾರ ಬಂದ್ರ ಜಿಗ್ಯಾಕ ಸಲೀಸ."