ಪಾಲಾದ ಮಂದೆ

ನಾನು ಮದುವೆಯಾಗಿ ಹೊಸದುರ್ಗದ ಕಡೆಯ ಹಟ್ಟಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಮನೆಯಲ್ಲಿ ನನ್ನ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ, ವಯಸ್ಸಾದ ಮಾವ. ಇದ್ದ ಆಸ್ತಿಯೆಂದರೆ ಕುರಿಮಂದೆ. ಮೇಯಿಸುವಾಗ ಭಾವ ಮುಂದೆ, ನನ್ನ ಗಂಡ ಹಿಂದೆ. ಬೇಸಿಗೆಯಲ್ಲಿ ಹೊಳಲ್ಕೆರೆ ಕಡೆಯ ರೈತರು ತಾವಾಗಿ ಹೇಳಿಕಳಿಸಿ ರಾತ್ರಿ ಹೊತ್ತು ತಮ್ಮ ಹೊಲಗಳಲ್ಲಿ ಮಂದೆ ತರುಬಿಸಿಕೊಳ್ಳುತ್ತಿದ್ದರು. ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಬದಲಿಗೆ ರಾಗಿ, ಜೋಳ ಕೊಡುತ್ತಿದ್ದರು. ನಮ್ಮ ವರ್ಷದ ಕಾಳು ಹಾಗೆ ಬರುತ್ತಿತ್ತು.

ಮಾವ ತೀರಿಕೊಂಡ ಮೇಲೆ ಒಂದು ಟಗರು ಮಾರುವ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಿತು. ಹಟ್ಟಿಯ ಹಿರಿಯರು ಕೂತು ಮಂದೆ ಪಾಲು ಮಾಡಿದರು: ಅವನಿಗೊಂದು, ಇವನಿಗೊಂದು, ಮರಿ ತಾಯಿಯ ಜೊತೆ. ಮನೆಗೆ ನಡುಗೋಡೆ ಎದ್ದಿತು. ಯಾರಿಗೂ ಮೋಸವಾಗಲಿಲ್ಲ. ವಾರಗಿತ್ತಿಯೂ ನಾನೂ ಬಾಗಿಲಲ್ಲಿ ನಿಂತು ನೋಡಿದೆವು. ನಮ್ಮನ್ನು ಯಾರೂ ಕೇಳಲಿಲ್ಲ.

ಮರುದಿನ ಒಬ್ಬರು ಮೂಡಲಕ್ಕೆ, ಇನ್ನೊಬ್ಬರು ಪಡುವಲಕ್ಕೆ ಕುರಿ ಹೊಡೆದರು. ಆ ಕಡೆಯವು ಅರಚಿದ್ದೇ ತಡ, ಈ ಕಡೆಯವು ತಿರುಗಿ ಓಡಿದವು. ಹಳ್ಳದಲ್ಲಿ ಎರಡೂ ಬೆರೆತುಹೋದವು. ಅಣ್ಣತಮ್ಮಂದಿರು ಒಂದು ಮಾತೂ ಆಡದೆ, ಕಾಲು ಹಿಡಿದು ಎಳೆದೆಳೆದು ಬೇರೆ ಮಾಡಿದರು. ಎಷ್ಟೋ ದಿನ ಹೀಗೇ ನಡೆಯಿತು. ಆಮೇಲೆ ಕುರಿಗಳು ಕಲಿತವು.

ಆ ಬೇಸಿಗೆ ಹೊಳಲ್ಕೆರೆಯಿಂದ ಯಾರೂ ಹೇಳಿಕಳಿಸಲಿಲ್ಲ. ನನ್ನ ಗಂಡನೇ ಹೋಗಿ ಕೇಳಿದರೆ ಹಳೆಯ ರೈತರೊಬ್ಬರು, "ಅರ್ಧ ಮಂದೆ ನಿಲ್ಸಿದ್ರೆ ಹೊಲದ ಮೂಲೆಗೂ ಸಾಲಲ್ಲ ಕಣಪ್ಪ. ಇಬ್ರೂ ಕೂಡಿ ಬರ್ರಿ" ಎಂದರಂತೆ. ಕೂಡುವವರು ಯಾರು? ಒಬ್ಬರೇ ಕಾಯಬೇಕು, ಮುಂದೆ ನೋಡಿದರೆ ಹಿಂದೆ ತೋಳ. ಒಂದು ಸಂಜೆ ನಮ್ಮವರು ಕತ್ತು ಹರಿದ ಮರಿಯನ್ನು ಹೆಗಲ ಮೇಲೆ ಹೊತ್ತು ತಂದರು. ಇನ್ನೂ ಉಸಿರಿತ್ತು. ಇಂಥ ಗಾಯಕ್ಕೆ ಸೊಪ್ಪು ಅರೆದು ಕಟ್ಟುವುದು ವಾರಗಿತ್ತಿಗೆ ಗೊತ್ತಿತ್ತು. ಮರಿಯನ್ನು ಅಲುಗದಂತೆ ಹಿಡಿಯುವುದಷ್ಟೇ ನನಗೆ ಬರುತ್ತಿದ್ದದ್ದು. ಗೋಡೆಯ ಆಚೆ ಅವಳ ಬಳೆ ಸದ್ದು ಕೇಳಿಸುತ್ತಿತ್ತು. ನಾನು ಹಿಡಿದುಕೊಂಡು ಕೂತೆ. ತೊಡೆಯ ಮೇಲೆಯೇ ಅದು ತಣ್ಣಗಾಯಿತು.

ಮರುದಿನ ಬಾವಿಯ ಹತ್ತಿರ ಅವಳು, "ಬರಾಣ ಅಂತ ಎದ್ದೆ ಕಣೆ. ಬಾಗ್ಲಾಗೆ ಅವರು ನಿಂತಿದ್ರು" ಎಂದಳು.

"ನಾನು ನಮ್ಮೋರಿಗೆ ಹೇಳ್ತೀನಿ. ನೀನು ಭಾವಂಗೆ ಹೇಳಕ್ಕ" ಎಂದೆ.

ಆ ಸಂಜೆ ಉಣ್ಣಲು ಕೂತಾಗ ನನ್ನ ಗಂಡನಿಗೆ, "ಒಂದ್ಸಲ ಹೋಗಿ ಮಾತಾಡ್ಸಿ ಬರ್ರಿ" ಎಂದೆ.

"ಅವನೇ ದೊಡ್ಡೋನು. ಅವನೇ ಬರ್ಲಿ" ಎಂದು ಮುದ್ದೆ ಮುರಿದರು.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಭಾವನ ದನಿ ಕೇಳಿಸಿತು. "ಸಣ್ಣೋನಲ್ವಾ ಅವನು? ಅವನೇ ಬರ್ಲಿ."

ಮಳೆಗಾಲಕ್ಕೆ ಮೊದಲೇ ನಮ್ಮವರು ಕುರಿ ಮಾರಿದರು. ದೀಪಾವಳಿಯ ಹೊತ್ತಿಗೆ ಭಾವನೂ ಮಾರಿದರು. ಇಬ್ಬರಿಗೂ ಹಿರಿಯೂರಿನ ಒಂದೇ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಸಿಕ್ಕಿತು. ಬಸ್ಸಿಗೆ ಮೊದಮೊದಲು ದೂರ ದೂರ ನಿಲ್ಲುತ್ತಿದ್ದರು. ಆಮೇಲೆ ಬೀಡಿಗೆ ಬೆಂಕಿ ಕೇಳಿಕೊಂಡು ಮಾತು ಶುರುವಾಯಿತು. ಜಗಳವಾಡಲು ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಇಬ್ಬರೂ ನಗುತ್ತ ಬಸ್ಸಿನ ಕಡೆಗೆ ಹೋದ ಮೇಲೆ ವಾರಗಿತ್ತಿಯೂ ನಾನೂ ಮೊದಲಿನ ಹಾಗೆ ಪೊರಕೆ ಹಿಡಿದು ಕುರಿದೊಡ್ಡಿಗೆ ಇಳಿಯುತ್ತಿದ್ದೆವು. ಅಲ್ಲಿ ಗುಡಿಸುವುದಕ್ಕೆ ಏನೂ ಇರುತ್ತಿರಲಿಲ್ಲ.