ಮಾಬೂಬಿ ಕಲಿಸಿದ ನಡಿಗೆ

ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ. ಸೇಡಂನಲ್ಲಿರುವ ಅಕ್ಕನ ಮನೆಯಿಂದ ನಾನು ಶಹಾಬಾದಿಗೆ ವಾಪಸ್ ಹೊರಟಿದ್ದೆ. ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಇತ್ತು. ಆದರೆ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ.

ಆಗ ನಾನು ಅನಿಮೇಷನ್ ಕೆಲಸ ಶುರು ಮಾಡಿದ್ದೆನಷ್ಟೆ. ಅದಕ್ಕಾಗಿ ಯಾವ ಕಾಲೇಜಿಗೂ ಹೋದವಳಲ್ಲ. ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಸಂಜೆ ಮನೆಗೆ ಬಂದು ಹಳೆಯ ಕಂಪ್ಯೂಟರ್ ಮುಂದೆ ಕುಳಿತು, ವೀಡಿಯೋ ನೋಡಿ ನೋಡಿ ಕಲಿತೆ. ಮೊದಲು ಚೆಂಡು ಪುಟಿಯುವುದು, ಆಮೇಲೆ ದೀಪದ ಕುಡಿ ಅಲುಗುವುದು. ನಮ್ಮಪ್ಪ ಕಲ್ಲು ಪಾಲಿಶ್ ಮಾಡುವವರು. "ಇಡೀ ದಿನ ಕುಂತು ಒಂದು ಚೆಂಡು ಎಗರಸ್ದಿ?" ಎಂದು ನಗುತ್ತಿದ್ದರು. ಕರೆಂಟ್ ಹೋಗಿ ನನ್ನ ಕೆಲಸ ಎರಡು ಸಲ ಅಳಿಸಿಹೋದಾಗ, ಬ್ಯಾಟರಿ ತಂದು ಇಟ್ಟವರೂ ಅವರೇ.

ಎಷ್ಟೋ ಕಡೆ ಮಾದರಿ ಕಳಿಸಿದ ಮೇಲೆ, ಮಕ್ಕಳ ಕತೆಗಳ ವೀಡಿಯೋ ಮಾಡುವ ಹೈದರಾಬಾದಿನ ಒಬ್ಬರು ಒಂದು ಕೆಲಸ ಕೊಟ್ಟರು. ಅದೇ ನನ್ನ ಮೊದಲ ಕೆಲಸ. ಕತೆ ಸಣ್ಣದು: ಅಜ್ಜಿಯೊಬ್ಬಳು ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು, ಮೂರು ಊರು ದಾಟಿ ಮೊಮ್ಮಗಳ ಮನೆಗೆ ಹೋಗುತ್ತಾಳೆ. ಒಂದು ಹೆಜ್ಜೆಗೆ ಹನ್ನೆರಡು ಚಿತ್ರ ಬರೆಯಬೇಕು. ಐದು ಸಲ ಅಳಿಸಿ ಬರೆದು ಕಳಿಸಿದ್ದೆ. ಅಕ್ಕನ ಮನೆಯಲ್ಲಿರುವಾಗ ಉತ್ತರ ಬಂತು. "ಚಿತ್ರ ಚೆನ್ನಾಗಿದೆ. ಆದರೆ ನಿಮ್ಮ ಅಜ್ಜಿ ನಡೆಯುತ್ತಿಲ್ಲ, ತೇಲುತ್ತಿದ್ದಾಳೆ. ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ."

ಅವತ್ತು ಶುಕ್ರವಾರ.

ವಾಡಿಯ ಪ್ಲಾಟ್‌ಫಾರ್ಮ್ ಮೇಲೆ ಕುಳಿತು ಅದನ್ನೇ ಯೋಚಿಸುತ್ತಿದ್ದಾಗ, ಮೆಟ್ಟಿಲಿಳಿದು ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿರಬೇಕು. ತಲೆಯ ಮೇಲೆ ಪೇರಲ ಹಣ್ಣಿನ ದೊಡ್ಡ ಬುಟ್ಟಿ. ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು, ಆದರೂ ಬುಟ್ಟಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ನನಗೆ ಬೇಕಾದದ್ದು ಇದೇ ಅನ್ನಿಸಿತು. ಕೇಳಬೇಕು ಅನ್ನುವ ಬುದ್ಧಿ ಬರಲಿಲ್ಲ. ಮೊಬೈಲ್ ತೆಗೆದು ಅವಳ ಕಾಲುಗಳನ್ನು ಶೂಟ್ ಮಾಡತೊಡಗಿದೆ.

ನಾಲ್ಕು ಹೆಜ್ಜೆಯೂ ಆಗಿರಲಿಲ್ಲ, ಅವಳು ಗಕ್ಕನೆ ನಿಂತಳು.

"ಏ! ಏನ್ ಹಿಡಿಲಿಕತ್ತಿ? ಕುಂಟೀನ ನೋಡಿಲ್ಲೇನ್ ಎಂದೂ?"

ಮೊಬೈಲ್ ಕೆಳಗಿಳಿಸಿದೆ. "ಇಲ್ರಿ ಅಮ್ಮಾ, ಹಂಗಲ್ರಿ..." ಎಂದೆ. ಸುತ್ತ ಜನ ಸೇರಿದರು. ಒಬ್ಬರು "ಮೊಬೈಲ್ ಕಸಗೋರಿ" ಎಂದರು. ಅವಳು ಬುಟ್ಟಿ ಇಳಿಸಿ ನನ್ನ ಎದುರಿಗೇ ಬಂದು ನಿಂತಳು. ಸಿಟ್ಟಿಗಿಂತ ಹೆಚ್ಚಾಗಿ ಅವಳ ಕಣ್ಣಲ್ಲಿ ನೀರಿತ್ತು.

"ಹೋದ ವರ್ಷ ಯಾರೋ ಹಿಂಗೇ ಹಿಡದು, ನನ್ನ ನಡಿಗಿಗಿ ಹಾಡು ಹಚ್ಚಿ ಮೊಬೈಲ್‌ದಾಗ ಬಿಟ್ಟಾರ. ಸಾಲ್ಯಾಗ ಹುಡುಗ್ರು ನಕ್ಕರಂತ ನನ್ನ ಮಮ್ಮಗಳು ಎರಡು ದಿನ ಮನೀ ಬಿಟ್ಟು ಹೊರಗ ಬರಲಿಲ್ಲ. ಗೊತ್ತದೇನು ನಿನಗ?"

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಅವಳ ಮುಂದೆಯೇ ವೀಡಿಯೋ ಅಳಿಸಿದೆ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬುಟ್ಟಿ ಹೊತ್ತ ಅಜ್ಜಿಯ ಚಿತ್ರಗಳನ್ನು ತೋರಿಸಿ, ಕೆಲಸದ ಕತೆಯನ್ನೆಲ್ಲ ಹೇಳಿದೆ. ತಪ್ಪಾಯ್ತು, ಕೇಳಬೇಕಿತ್ತು ಎಂದೆ. ಹೇಳುತ್ತ ನಾನೂ ಅತ್ತುಬಿಟ್ಟೆ.

ಅವಳು ನೋಟ್‌ಬುಕ್ ಇಸಿದುಕೊಂಡು ದೂರ ಹಿಡಿದಳು, ಹತ್ತಿರ ಹಿಡಿದಳು. ಹಾಳೆ ತಿರುವಿದಳು. ಕೊನೆಗೆ ಬೆರಳಿಟ್ಟು ಹೇಳಿದಳು:

"ಈಕಿ ಬುಟ್ಟಿ ಖಾಲಿ ಅದ."

"ಇಲ್ರಿ, ಹಣ್ಣು ಬರ್ದೀನಲ್ರಿ."

"ಹಣ್ಣು ಬರ್ದಿ. ಭಾರ ಎಲ್ಲದ? ತುಂಬಿದ ಬುಟ್ಟಿ ಹೊತ್ತಾಕಿ ಹಿಂಗ ಕುಣಕೋತ ಹೋಗ್ತಾಳೇನ್?"

ಐದು ಸಲ ಬರೆದರೂ ನನಗೆ ಕಾಣದ್ದು ಅವಳಿಗೆ ಒಂದೇ ನೋಟಕ್ಕೆ ಕಂಡಿತ್ತು. ಸೇರಿದ ಜನರಿಗೆ ಅವಳು "ನಡೀರಿ ನಡೀರಿ, ನಮ್ಮ ಹುಡುಗಿ ಅದ" ಎಂದಳು. ಆಮೇಲೆ ಸೀರೆಯ ಚೂರಿನ ಸಿಂಬಿ ನನ್ನ ತಲೆಗಿಟ್ಟು, ಪಕ್ಕದವರೊಬ್ಬರನ್ನು ಕರೆದಳು; ಇಬ್ಬರೂ ಸೇರಿ ಬುಟ್ಟಿ ಎತ್ತಿಟ್ಟರು.

ಕುತ್ತಿಗೆ ಒಳಗೆ ಇಳಿದುಹೋದಂತಾಯಿತು. ಎರಡು ಹೆಜ್ಜೆಗೆ ಕಾಲು ನಡುಗಿತು.

"ಕೆಳಗ ನೋಡಬ್ಯಾಡ ಬೇಟಿ! ಕಾಲು ತಾನೇ ದಾರಿ ಹುಡಕ್ತದ. ಮೊಳಕಾಲು ಸಡಲ ಬಿಡು. ಸೊಂಟದಾಗ ನಡಿ, ಭುಜದಾಗ ಬ್ಯಾಡ!" ಎಂದು ಕೂಗುತ್ತ ಅವಳು ಪಕ್ಕದಲ್ಲೇ ಬಂದಳು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾನು ಚೂಡಿದಾರ ಹಾಕಿಕೊಂಡು ಪೇರಲ ಬುಟ್ಟಿ ಹೊತ್ತು ನಡೆದೆ. ಬೆಂಚಿನ ಮೇಲಿದ್ದವರು ನಕ್ಕರು. ಅವಳೂ ನಕ್ಕಳು. ಆಮೇಲೆ ತಾನೇ ಬುಟ್ಟಿ ಹೊತ್ತು, "ಈಗ ಹಿಡಿ. ಕಾಲಷ್ಟೇ ಹಿಡಿ, ಮಾರಿ ಬ್ಯಾಡ" ಎಂದು ನನಗಾಗಿ ಮೂರು ಸಲ ನಡೆದಳು. ಅಷ್ಟರಲ್ಲಿ ಶಹಾಬಾದ್ ಗಾಡಿ ಬಂದು ಹೋಗಿಬಿಟ್ಟಿತು. ಅವಳೂ ಅದೇ ಗಾಡಿಗೆ ಶಹಾಬಾದ್ ಸಂತೆಗೆ ಹೋಗುವವಳೆಂದು ಆಗ ಗೊತ್ತಾಯಿತು.

"ನನ್ನಿಂದ ನಿಮ್ಮ ಗಾಡಿ ತಪ್ಪಿತಲ್ರಿ" ಎಂದೆ.

"ಮುಂದಿಂದು ಬರ್ತದ. ಸಂತಿ ಎಲ್ಲಿ ಓಡಿ ಹೋಗ್ತದ?" ಎಂದು ಪೇರಲ ಹಣ್ಣೊಂದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ನಾನು ಹೋಳಿಗೆ ಬಿಚ್ಚಿದೆ. ಹೆಸರು ಮಾಬೂಬಿ, ಚಿತ್ತಾಪುರದ ಹತ್ತಿರದ ಹಳ್ಳಿ, ಕಾಲು ಸಣ್ಣಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದು ಹೀಗಾದದ್ದು. ಎಲ್ಲ ಅಲ್ಲೇ ಕೇಳಿದೆ.

ಶನಿವಾರ, ಭಾನುವಾರ ಎರಡೂ ದಿನ ಕುಳಿತು ಹೊಸದಾಗಿ ಬರೆದೆ. ಸೋಮವಾರ ಹೈದರಾಬಾದಿನಿಂದ ಒಂದೇ ಸಾಲು ಬಂತು: "ಈಗ ನಡೆಯುತ್ತಿದ್ದಾಳೆ." ಜೊತೆಗೆ ಮುಂದಿನ ಕತೆಯನ್ನೂ ಕಳಿಸಿದ್ದರು. ಅಪ್ಪ ವೀಡಿಯೋ ನೋಡಿ, "ಈಕಿನ್ನ ಎಲ್ಲೋ ನೋಡೀನಿ" ಎಂದರು. ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ನನಗೆ ಬೇಕಿರಲಿಲ್ಲ.

ಮುಂದಿನ ಸಂತೆಯ ದಿನ ಮಾಬೂಬಿಯನ್ನು ಹುಡುಕಿಕೊಂಡು ಹೋದೆ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು. "ಖರೇ ನಡಿತಾಳ" ಎಂದು ನಕ್ಕಳು. ಆಮೇಲೆ ಕೇಳಿದಳು:

"ಈಕಿ ಎಲ್ಲೂ ಕುಂದ್ರಲೇ ಇಲ್ಲಲ್ಲ ಬೇಟಿ? ಮೂರು ಊರು ದಾಟ್ಯಾಳ. ಪಾಪ, ಒಂದು ಕಡಿ ಬುಟ್ಟಿ ಇಳಿಸಬೇಕಿತ್ತು."

ಕತೆಯಲ್ಲಿ ಹಾಗೆ ಬರೆದಿರಲಿಲ್ಲ. ಆದರೂ ಆ ವಾರ, ಹೈದರಾಬಾದಿನವರು ಕೇಳದ ಒಂದು ದೃಶ್ಯ ಮಾಡಿದೆ. ಬೇವಿನ ಮರದ ನೆರಳು. ಅಜ್ಜಿ ಬುಟ್ಟಿ ಇಳಿಸುತ್ತಾಳೆ, ಕಾಲು ಚಾಚುತ್ತಾಳೆ, ಉಸ್ಸೆನ್ನುತ್ತಾಳೆ. ಮತ್ತೊಂದು ಸಂತೆಯ ದಿನ ಅದನ್ನು ಮಾಬೂಬಿಗೆ ತೋರಿಸಿದೆ. ಪಕ್ಕದಲ್ಲಿ ಸೊಪ್ಪು ಮಾರುವವಳ ಕಡೆ ಮೊಬೈಲ್ ತಿರುಗಿಸಿ, "ನೋಡು, ಕುಂತಳು" ಎಂದಳಷ್ಟೆ.

ಈಗ ಶಾಲೆ ಬಿಟ್ಟು ಇದೇ ಕೆಲಸ ಮಾಡುತ್ತಿದ್ದೇನೆ. ಕೆಲಸ ಕೊಡಲು ಬಂದ ಹೊಸಬರು ಯಾರಾದರೂ "ನಿಮ್ಮ ಒಳ್ಳೆಯ ಕೆಲಸ ಒಂದು ತೋರಿಸಿ" ಎಂದರೆ ಮೊದಲು ಕಳಿಸುವುದು ಆ ಹತ್ತು ಸೆಕೆಂಡಿನ ಚಿತ್ರವನ್ನೇ. ಅದರಲ್ಲಿ ಏನೂ ನಡೆಯುವುದಿಲ್ಲ. ದಣಿದ ಒಬ್ಬ ಅಜ್ಜಿ ಕುಳಿತುಕೊಳ್ಳುತ್ತಾಳೆ.